ಪಾಠದ ಸಾಲುಗಳ ಆಚೆಗೂ ಓದುವುದು ಹೇಗೆ?

ಕಥೆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಲಾಗಿ ಓದುತ್ತೇವೆ. ಹಾಗೆ ಓದಿದರೇ ಅದರ ರುಚಿ. ಆದರೆ ಸಮಾಜ ವಿಜ್ಞಾನದ ಪಾಠ, ಕಾಫಿ ಬೆಳೆಯ ಕೈಪಿಡಿ, ಜಿಲ್ಲಾ ಗೆಜೆಟಿಯರ್, ಮಳೆಗಾಲದ ಮುನ್ಸೂಚನೆ, ಇವನ್ನೆಲ್ಲ ಹಾಗೆ ಓದಲು ಹೊರಟರೆ ಎರಡನೇ ಪುಟಕ್ಕೇ ಸುಸ್ತಾಗುತ್ತದೆ. ಇಂಥ ಬರಹದಲ್ಲಿ ವಿಷಯ ಬರೀ ಸಾಲುಗಳಲ್ಲಿ ಇರುವುದಿಲ್ಲ. ತಲೆಬರಹ, ಪರಿವಿಡಿ, ನಕ್ಷೆ, ಕೋಷ್ಟಕ, ಚಿತ್ರದ ಕೆಳಗಿನ ಬರಹ, ಅಂಚಿನ ಪೆಟ್ಟಿಗೆ, ಕೊನೆಯ ಪದಸೂಚಿ, ಹೀಗೆ ಹತ್ತು ಕಡೆ ಹಂಚಿಕೊಂಡಿರುತ್ತದೆ.

ಕೊಡಗಿನ ಶಾಲೆಗಳಲ್ಲಿ, ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ (ಊರಿನ ಗ್ರಂಥಾಲಯಗಳಲ್ಲಿ) ಮಕ್ಕಳ ಜೊತೆ ಕೂತು ಓದುವಾಗ ನಾನು ಗಮನಿಸುವುದು ಇದನ್ನೇ. ಮಕ್ಕಳು ಪ್ಯಾರಾವನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದುತ್ತಾರೆ. ಪಕ್ಕದಲ್ಲೇ ಇರುವ ನಕ್ಷೆಯ ಕಡೆ ನೋಡದೆ ಪುಟ ತಿರುಗಿಸುತ್ತಾರೆ. ದೊಡ್ಡವರೂ ಜಾಸ್ತಿ ಬೇರೆ ಅಲ್ಲ. ಇದು ಅವರ ತಪ್ಪಲ್ಲ, ಅದನ್ನು ಓದುವುದು ಹೇಗೆ ಎಂದು ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ನಮ್ಮಲ್ಲಿ ಇದು ಇನ್ನೂ ಮುಖ್ಯ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ತುಳು, ಮಲಯಾಳ ಆಡುವ ಎಷ್ಟೋ ಮಕ್ಕಳಿಗೆ ಪಠ್ಯದ ಕನ್ನಡ ಶಾಲೆಯಲ್ಲಿ ಸಿಕ್ಕ ಭಾಷೆ. ಸಾಲು ಅರ್ಥವಾಗದಿದ್ದಾಗ ಅವರ ಕೈಹಿಡಿಯುವುದು ಚಿತ್ರ, ನಕ್ಷೆ, ತಲೆಬರಹಗಳೇ.

ಮೊದಲು ಪುಟ ತಿರುಗಿಸಿ

ಪುಸ್ತಕ ಕೈಗೆ ಬಂದ ಕೂಡಲೇ ಮೊದಲ ಪ್ಯಾರಾಕ್ಕೆ ಇಳಿಯಬೇಡಿ. ಒಂದೈದು ನಿಮಿಷ ಸುಮ್ನೆ ಪುಟ ತಿರುಗಿಸಿ. ಗೊತ್ತಿಲ್ಲದ ತೋಟಕ್ಕೆ ಮೊದಲ ಸಲ ಹೋದವರು ಗೇಟು ಎಲ್ಲಿ, ಕೆರೆ ಎಲ್ಲಿ, ಕಣ ಎಲ್ಲಿ ಎಂದು ಒಂದು ಸುತ್ತು ನೋಡಿಕೊಳ್ಳುತ್ತಾರಲ್ಲ, ಹಾಗೆ.

ಪರಿವಿಡಿ ನೋಡಿ. ಯಾವ ಅಧ್ಯಾಯಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ ಎಂದು ಲೆಕ್ಕ ಹಾಕಿ. ಕೊಡಗಿನ ಮೇಲಿನ ಪುಸ್ತಕವೊಂದು ರಾಜರ ಕಾಲಕ್ಕೆ ನೂರು ಪುಟ ಕೊಟ್ಟು, ಕಾಡು ಮತ್ತು ನದಿಗೆ ನಾಲ್ಕೇ ಪುಟ ಕೊಟ್ಟಿದ್ದರೆ, ಬರೆದವರ ಮನಸ್ಸು ಎಲ್ಲಿದೆ ಎಂದು ಗೊತ್ತಾಗುತ್ತದೆ. ನಿಮಗೆ ಬೇಕಾದದ್ದು ನದಿಯ ವಿಷಯವಾದರೆ ಬೇರೆ ಪುಸ್ತಕ ಹುಡುಕಿ. ಅರ್ಧ ದಿನ ಉಳಿಯಿತು.

ಮುದ್ರಣದ ವಿವರ ಇರುವ ಪುಟವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅಲ್ಲಿ ಎರಡು ವಿಷಯ ಹುಡುಕಿ. ಮೊದಲ ಮುದ್ರಣ ಯಾವ ವರ್ಷದ್ದು? ಆಮೇಲೆ ಬಂದದ್ದು ಬರೀ ಮರುಮುದ್ರಣವೋ, ಪರಿಷ್ಕರಿಸಿದ ಆವೃತ್ತಿಯೋ? ಮರುಮುದ್ರಣದಲ್ಲಿ ಸಾಮಾನ್ಯವಾಗಿ ಒಳಗಿನ ಮಾಹಿತಿ ಹಳೆಯದೇ ಇರುತ್ತದೆ. ಕೊಡಗಿನಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರೇ ತಾಲ್ಲೂಕು ಎಂದು ಪುಸ್ತಕದಲ್ಲಿದ್ದರೆ ಅದು ತಪ್ಪು ಮಾಹಿತಿ ಅಲ್ಲ, ಹಳೆಯ ಮಾಹಿತಿ. ಈಗ ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿ ಐದು. ಮುದ್ರಣದ ವರ್ಷ ನೋಡಿದವರಿಗೆ ಇಲ್ಲಿ ಗೊಂದಲ ಆಗುವುದಿಲ್ಲ.

ತಲೆಬರಹವನ್ನು ಪ್ರಶ್ನೆ ಮಾಡಿಕೊಳ್ಳಿ

ಪಾಠದ ಒಳಗಿನ ಪ್ರತಿ ಉಪಶೀರ್ಷಿಕೆಯನ್ನೂ ಪ್ರಶ್ನೆಯಾಗಿ ಬದಲಿಸಿ, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. 'ಮೈಸೂರು ರಾಜ್ಯದೊಂದಿಗೆ ಕೊಡಗಿನ ವಿಲೀನ' ಎಂದು ಶೀರ್ಷಿಕೆ ಇದೆ ಅಂದುಕೊಳ್ಳಿ. ಯಾವಾಗ ವಿಲೀನವಾಯಿತು? ಅದಕ್ಕೆ ಮೊದಲು ಕೊಡಗು ಏನಾಗಿತ್ತು? ಯಾಕೆ ವಿಲೀನ ಮಾಡಿದರು? ಈ ಮೂರು ಪ್ರಶ್ನೆ ಹಿಡಿದು ಓದಲು ಇಳಿದರೆ ಕಣ್ಣು ತಾನಾಗಿಯೇ ಉತ್ತರ ಹುಡುಕುತ್ತದೆ. 1956ರ ನವೆಂಬರ್ 1ರಂದು ವಿಲೀನ, ಅದಕ್ಕೆ ಮೊದಲು 'ಸಿ' ದರ್ಜೆಯ ಪ್ರತ್ಯೇಕ ರಾಜ್ಯ, ಕಾರಣ ದೇಶದಲ್ಲಿ ನಡೆದ ರಾಜ್ಯಗಳ ಪುನರ್ವಿಂಗಡಣೆ. ಉತ್ತರ ಸಿಕ್ಕ ಕೂಡಲೇ ಪ್ರಶ್ನೆಯ ಮುಂದೆ ಪುಟಸಂಖ್ಯೆ ಬರೆಯಿರಿ. ಪರೀಕ್ಷೆಯ ಹಿಂದಿನ ದಿನ ಆ ಒಂದು ಹಾಳೆ ಸಾಕು.

ಒಂದು ಪ್ರಶ್ನೆಗೆ ಉತ್ತರ ಸಿಗದೇ ಹೋಗಬಹುದು. ಆಗ ಶೀರ್ಷಿಕೆ ಹೇಳಿದ್ದನ್ನು ಪಾಠ ಪೂರ್ತಿ ಹೇಳಿಲ್ಲ ಎಂದೇ ಅರ್ಥ. ಅದನ್ನು ಮೇಷ್ಟ್ರ ಹತ್ತಿರ, ಮೇಡಂ ಹತ್ತಿರ ಕೇಳಬೇಕಾದ ಪ್ರಶ್ನೆ ಎಂದು ಗುರುತು ಹಾಕಿಕೊಳ್ಳಿ.

ದಪ್ಪ ಅಕ್ಷರ, ಓರೆ ಅಕ್ಷರ

ದಪ್ಪ ಅಕ್ಷರದ ಪದ ಈ ಪಾಠಕ್ಕೆ ಬೇಕೇ ಬೇಕಾದ ಪದ. ಅದರ ಅರ್ಥ ಅದೇ ಸಾಲಿನಲ್ಲೋ, ಮುಂದಿನ ಸಾಲಿನಲ್ಲೋ, ಪಾಠದ ಕೊನೆಯ 'ಹೊಸ ಪದಗಳು' ಪಟ್ಟಿಯಲ್ಲೋ ಇರುತ್ತದೆ. ಓರೆ ಅಕ್ಷರ ಕಂಡರೆ ಅದು ಬಹಳ ಸಲ ಗಿಡದ, ಪ್ರಾಣಿಯ, ಇಲ್ಲವೇ ರೋಗ ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರು. ಕಾಫಿಯಾ ಕೆನೆಫೊರಾ ಎಂದು ಓರೆಯಾಗಿ ಇದ್ದರೆ ಹೆದರಬೇಡಿ, ನಮ್ಮ ರೋಬಸ್ಟಾ ಕಾಫಿಯೇ ಅದು.

ಚಿತ್ರದ ಜೊತೆ ಅಡಿಬರಹ

ಚಿತ್ರ ನೋಡುವುದಕ್ಕೂ ಓದುವುದಕ್ಕೂ ವ್ಯತ್ಯಾಸ ಇದೆ. ಅಡಿಬರಹ ಓದಿ, ಮತ್ತೆ ಚಿತ್ರಕ್ಕೆ ಹೋಗಿ, ಅಡಿಬರಹ ಹೇಳಿದ್ದು ಚಿತ್ರದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಮಕ್ಕಳ ಹತ್ತಿರ ಹೀಗೆ ಮಾಡಿಸಿದರೆ ಅರ್ಥವಾಗಿದೆಯೋ ಇಲ್ಲವೋ ಎಂದು ತಕ್ಷಣ ತಿಳಿಯುತ್ತದೆ.

ಅಡಿಬರಹದಲ್ಲಿ ಇಸವಿ ಇದ್ದರೆ ಎಚ್ಚರ. 'ಓಂಕಾರೇಶ್ವರ ದೇವಾಲಯ, ಮಡಿಕೇರಿ, 1820' ಎಂದಿದ್ದರೆ ಅದು ದೇವಾಲಯ ಕಟ್ಟಿಸಿದ ವರ್ಷ, ಫೋಟೋ ತೆಗೆದ ವರ್ಷ ಅಲ್ಲ. ಎರಡನೇ ಲಿಂಗರಾಜೇಂದ್ರ ಅದನ್ನು ಕಟ್ಟಿಸುವಾಗ ಕ್ಯಾಮೆರಾ ಬಳಕೆಗೇ ಬಂದಿರಲಿಲ್ಲ. ಚಿತ್ರದ ಇಸವಿ ಯಾವುದಕ್ಕೆ ಸೇರಿದ್ದು ಎಂದು ಕೇಳಿಕೊಳ್ಳುವ ಅಭ್ಯಾಸ ಇತಿಹಾಸದ ಪಾಠದಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ.

ಭಾಗಗಳನ್ನು ಗೆರೆ ಎಳೆದು ತೋರಿಸಿದ ಚಿತ್ರವಾದರೆ ಹೊರಗಿನಿಂದ ಒಳಕ್ಕೆ ಒಂದೊಂದೇ ಗೆರೆ ಹಿಡಿದು ಹೋಗಿ. ಕಾಫಿ ಹಣ್ಣನ್ನು ಅಡ್ಡ ಕೊಯ್ದ ಚಿತ್ರ ತೆಗೆದುಕೊಳ್ಳಿ. ಹೊರಗೆ ಸಿಪ್ಪೆ, ಒಳಗೆ ತಿರುಳು, ಆಮೇಲೆ ಅಂಟುಅಂಟಾದ ಲೋಳೆ, ಅದರೊಳಗೆ ಗಟ್ಟಿ ಹೊದಿಕೆಯಾದ ಪಾರ್ಚ್‌ಮೆಂಟ್, ಇನ್ನೂ ಒಳಗೆ ತೆಳ್ಳನೆಯ ಬೆಳ್ಳಿಪೊರೆ, ಕೊನೆಗೆ ಎದುರುಬದುರಾಗಿ ಎರಡು ಬೀಜ. ಕಣದಲ್ಲಿ ಒಣಗುವ ಕಾಫಿಯನ್ನು ದಿನಾ ನೋಡುವ ಮಗುವಿಗೂ 'ಪಾರ್ಚ್‌ಮೆಂಟ್' ಮತ್ತು 'ಚೆರಿ' ನಡುವಿನ ವ್ಯತ್ಯಾಸ ಒಂದು ಪ್ಯಾರಾ ಓದಿದರೆ ಗೋಜಲಾಗಿಯೇ ಉಳಿಯಬಹುದು. ಚಿತ್ರದ ಮೇಲೆ ಬೆರಳಿಟ್ಟರೆ ಸ್ಪಷ್ಟ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ಲೋಳೆ ತೊಳೆದು, ಪಾರ್ಚ್‌ಮೆಂಟ್ ಹೊದಿಕೆ ಇರುವಾಗಲೇ ಒಣಗಿಸಿದ್ದು ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಒಣಗಿಸಿದ್ದು ಚೆರಿ.

ನಕ್ಷೆಗೆ ಸಮಯ ಕೊಡಿ

ನಕ್ಷೆಯನ್ನು ಓದುವ ಕ್ರಮ ಹೀಗಿರಲಿ: ಮೊದಲು ಅದರ ತಲೆಬರಹ, ಆಮೇಲೆ ಮೂಲೆಯಲ್ಲಿರುವ ಸೂಚಿ, ಆಮೇಲೆ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ. ಊರು ಹುಡುಕುವುದು ಎಲ್ಲಕ್ಕಿಂತ ಕೊನೆಗೆ. ನಾವೆಲ್ಲ ಮಾಡುವುದು ಉಲ್ಟಾ. ನಕ್ಷೆ ಕಂಡ ಕೂಡಲೇ ನಮ್ಮ ಊರಿದೆಯೇ ಎಂದು ಹುಡುಕಿ, ಸಿಕ್ಕರೆ ಖುಷಿಪಟ್ಟು ಪುಟ ತಿರುಗಿಸುತ್ತೇವೆ.

ಸೂಚಿಯಲ್ಲಿ ಬಣ್ಣದ ಅರ್ಥ ಇರುತ್ತದೆ. ಸರ್ವೇ ಆಫ್ ಇಂಡಿಯಾದ ಭೂಪಟದಲ್ಲಿ ನೀಲಿ ಎಂದರೆ ನೀರು, ಹಸಿರು ಎಂದರೆ ಕಾಡು, ಕಂದು ಗೆರೆಗಳು ಎತ್ತರ ತೋರಿಸುವ ಸಮೋನ್ನತಿ ರೇಖೆಗಳು. ಒಂದೇ ಕಂದು ಗೆರೆಯ ಮೇಲಿರುವ ಎಲ್ಲ ಜಾಗವೂ ಒಂದೇ ಎತ್ತರದಲ್ಲಿರುತ್ತದೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಸಮತಟ್ಟು. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಸುತ್ತ ಗೆರೆಗಳು ಹೇಗಿವೆ, ಕುಶಾಲನಗರದ ಕಡೆ ಹೇಗಿವೆ ಎಂದು ಹೋಲಿಸಿ ನೋಡಿ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ, ಅಷ್ಟು ಹತ್ತಿರದ ಪಶ್ಚಿಮ ಸಮುದ್ರ ಬಿಟ್ಟು, ಸುಮಾರು 800 ಕಿ.ಮೀ. ಪೂರ್ವಕ್ಕೆ ಯಾಕೆ ಹರಿಯುತ್ತಾಳೆ ಎಂಬುದಕ್ಕೆ ಆ ಗೆರೆಗಳಲ್ಲೇ ಉತ್ತರ ಇದೆ. ಬಾರಾಪೊಳೆ ನದಿ ಅದೇ ಬೆಟ್ಟಸಾಲಿನಿಂದ ಪಶ್ಚಿಮಕ್ಕೆ ಇಳಿಯುವುದೂ ಅಲ್ಲೇ ಕಾಣುತ್ತದೆ.

ಅಳತೆಗೆ ಬನ್ನಿ. 1:50,000 ಎಂದಿದ್ದರೆ ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲೆ 1 ಕಿ.ಮೀ. ಮಡಿಕೇರಿಯಿಂದ ತಲಕಾವೇರಿಗೆ ರಸ್ತೆಯಲ್ಲಿ ಹೋದರೆ ಸುಮಾರು 45 ಕಿ.ಮೀ. ಆಗುತ್ತದೆ. ನಕ್ಷೆಯಲ್ಲಿ ಸ್ಕೇಲ್ ಇಟ್ಟು ನೇರ ಅಳೆದರೆ 30 ಕಿ.ಮೀ. ಕೂಡ ಬರುವುದಿಲ್ಲ. ನಕ್ಷೆ ಸುಳ್ಳು ಹೇಳುತ್ತಿಲ್ಲ, ಉಳಿದದ್ದೆಲ್ಲ ನಮ್ಮ ಘಾಟಿ ರಸ್ತೆಯ ತಿರುವು. ದಾರದ ತುಂಡನ್ನು ರಸ್ತೆಯ ಗೆರೆಯ ಮೇಲೆ ಬಗ್ಗಿಸಿ ಇಟ್ಟು ಅಳೆಯಲು ಮಕ್ಕಳಿಗೆ ಹೇಳಿ. ತುಂಬಾ ಇಷ್ಟಪಟ್ಟು ಮಾಡುತ್ತಾರೆ.

ಅಳತೆ ಓದಲು ಬರುವುದು ಬರೀ ಪಾಠದ ವಿಷಯ ಅಲ್ಲ. 2018ರ ಆಗಸ್ಟ್‌ನ ಭೂಕುಸಿತಗಳನ್ನು ನಾವು ಮರೆಯುವ ಹಾಗಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಗುಡ್ಡಗಾಡು ಪ್ರದೇಶಗಳಿಗೆ 1:50,000 ಅಳತೆಯಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ಅದರ ಸೂಚಿ ಹೆಚ್ಚು, ಮಧ್ಯಮ, ಕಡಿಮೆ ಎಂದು ಜಾಗಗಳನ್ನು ವಿಂಗಡಿಸುತ್ತದೆ. ಆ ಅಳತೆಯಲ್ಲಿ ನಕ್ಷೆಯ 1 ಮಿಲಿಮೀಟರ್ ಎಂದರೆ ನೆಲದಲ್ಲಿ 50 ಮೀಟರ್. ಅಂದರೆ ಒಂದು ಬೆಟ್ಟದ ಮಗ್ಗುಲು ಹೇಗಿದೆ ಎಂದು ಅದು ಹೇಳಬಲ್ಲದು. ಒಂದು ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಹೇಗಿದೆ ಎಂದು ಹೇಳಲಾರದು. ಸಾಧ್ಯತೆ ಎಲ್ಲಿ ಹೆಚ್ಚು ಎಂದು ಹೇಳುತ್ತದೆ, ಯಾವ ದಿನ ಎಂದು ಹೇಳುವುದಿಲ್ಲ. ಈ ಎರಡು ಮಿತಿ ಗೊತ್ತಿದ್ದರೆ ವಾಟ್ಸಾಪ್‌ನಲ್ಲಿ ಅರ್ಧ ಕತ್ತರಿಸಿ ಬರುವ ಕೆಂಪು ನಕ್ಷೆಗೆ ಸುಮ್ನೆ ಗಾಬರಿಯಾಗುವುದೂ ಇಲ್ಲ, ನಿಜವಾದ ಎಚ್ಚರಿಕೆಯನ್ನು ತಳ್ಳಿಹಾಕುವುದೂ ಇಲ್ಲ. ಸೂಚಿ ಕತ್ತರಿಸಿ ಹೋದ ನಕ್ಷೆಯನ್ನು ನಂಬಬೇಡಿ.

ಕೋಷ್ಟಕ ಮತ್ತು ಗ್ರಾಫ್

ಕೋಷ್ಟಕದಲ್ಲಿ ಅಂಕಿಗಿಂತ ಮೊದಲು ನಾಲ್ಕು ವಿಷಯ ಓದಿ: ತಲೆಬರಹ, ವರ್ಷ, ಮಾಪನ, ಮೂಲ. ಇವು ನಾಲ್ಕೂ ಇಲ್ಲದ ಕೋಷ್ಟಕದ ಅಂಕಿಯನ್ನು ನೋಟ್ಸ್‌ಗೆ ಇಳಿಸಿಕೊಳ್ಳುವ ಅವಸರ ಬೇಡ.

ಮಾಪನದ ತೊಂದರೆ ಕೊಡಗಿನವರಿಗೆ ಚೆನ್ನಾಗಿ ಗೊತ್ತು. ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಹೇಳುತ್ತಾರೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಬಂತು ಅಂದರೆ 'ಒಂದು ಇಂಚು ಇಪ್ಪತ್ತು ಸೆಂಟ್' ಎನ್ನುತ್ತಾರೆ. ಹವಾಮಾನ ಇಲಾಖೆ ಮಿಲಿಮೀಟರ್‌ನಲ್ಲಿ ಬರೆಯುತ್ತದೆ. 100 ಸೆಂಟ್ ಎಂದರೆ 1 ಇಂಚು, 1 ಇಂಚು ಎಂದರೆ 25.4 ಮಿ.ಮೀ. ಈಗ ಇಲಾಖೆಯ ಪಟ್ಟಿ ಓದಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಇಂಚು. 115.6ರಿಂದ ಮೇಲೆ ಅತಿ ಭಾರೀ ಮಳೆ, ಅಂದರೆ ನಾಲ್ಕೂವರೆ ಇಂಚಿನಿಂದ ಆಚೆ. 204.5ರಿಂದ ಮೇಲೆ ಅತ್ಯಂತ ಭಾರೀ, ಎಂಟು ಇಂಚಿನಿಂದ ಆಚೆ. ಹೀಗೆ ನಿಮ್ಮ ಅಳತೆಗೆ ತಿರುಗಿಸಿಕೊಂಡ ಮೇಲೆ ಆ ಅಂಕಿಗೆ ಜೀವ ಬರುತ್ತದೆ ಅಲ್ವಾ? ಜೊತೆಗೆ ಇನ್ನೊಂದು ಮಾತು. ಇಲಾಖೆಯ ಒಂದು ದಿನದ ಮಳೆ ಎಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಆ ದಿನ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಹಾಗಾಗಿ 10ನೇ ತಾರೀಖಿನ ಮುಂದೆ ಬರೆದ ಮಳೆ ಹೆಚ್ಚಿನಂಶ 9ರಂದು ಸುರಿದದ್ದು.

ಎಚ್ಚರಿಕೆಯ ಬಣ್ಣಗಳೂ ಒಂದು ಸೂಚಿಯೇ. ಹಸಿರು ಇದ್ದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನ ಇಟ್ಟಿರಿ, ಕಿತ್ತಳೆ ಎಂದರೆ ತಯಾರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ.

ಸರಾಸರಿ ಎಂಬ ಪದ ಕಂಡರೆ ನಿಧಾನಿಸಿ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ಜಿಲ್ಲೆಯ ಸರಾಸರಿ ಮಳೆ ಎಂಬ ಒಂದೇ ಅಂಕಿ ಎರಡೂ ಊರಿನ ನಿಜ ಹೇಳುವುದಿಲ್ಲ. ಪಕ್ಕದಲ್ಲಿ ಕೇಂದ್ರವಾರು ಕೋಷ್ಟಕ ಇದೆಯೇ ನೋಡಿ.

ಗ್ರಾಫ್‌ನಲ್ಲಿ ಕಣ್ಣು ಮೊದಲು ಹೋಗಬೇಕಾದದ್ದು ಎಡಗಡೆಯ ಗೆರೆಯ ಬುಡಕ್ಕೆ. ಅಲ್ಲಿ ಸೊನ್ನೆ ಇದೆಯೇ? ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561, 2011ರಲ್ಲಿ 5,54,519. ಹತ್ತು ವರ್ಷದಲ್ಲಿ ಏರಿದ್ದು ಶೇಕಡಾ 1ರಷ್ಟು. ಸೊನ್ನೆಯಿಂದ ಎಳೆದರೆ ಎರಡೂ ಕಂಬ ಒಂದೇ ಎತ್ತರ ಕಾಣುತ್ತವೆ. ಬುಡವನ್ನು 5,40,000ದಿಂದ ಶುರು ಮಾಡಿದರೆ ಎರಡನೇ ಕಂಬ ಮೊದಲನೆಯದಕ್ಕಿಂತ ಒಂದೂವರೆ ಪಟ್ಟಿಗೂ ಮೀರಿ ಎದ್ದು ನಿಲ್ಲುತ್ತದೆ. ಅಂಕಿ ಅದೇ, ಕಂಬ ಹೇಳುವ ಕಥೆ ಬೇರೆ. ಎಂಟನೇ ತರಗತಿಯ ಮಕ್ಕಳ ಹತ್ತಿರ ಈ ಎರಡೂ ಗ್ರಾಫನ್ನು ಅವರ ಕೈಯಾರೆ ಬರೆಸಿ. ಆಮೇಲೆ ಯಾವ ಪತ್ರಿಕೆಯ, ಯಾವ ಚುನಾವಣೆಯ ಗ್ರಾಫ್ ಕಂಡರೂ ಮೊದಲು ಬುಡ ನೋಡುತ್ತಾರೆ.

ಅಡಿಟಿಪ್ಪಣಿ, ಪೆಟ್ಟಿಗೆ, ಕಾಲರೇಖೆ

ಅಡಿಟಿಪ್ಪಣಿಯ ಚಿಕ್ಕ ಅಕ್ಷರವನ್ನು ಕಡೆಗಣಿಸಬೇಡಿ. 2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ಶೇಕಡಾ 82.61. ಆದರೆ ಇದು 7 ವರ್ಷ ಮತ್ತು ಮೇಲ್ಪಟ್ಟವರ ಲೆಕ್ಕ, ಪುಟ್ಟ ಮಕ್ಕಳು ಇದರಲ್ಲಿ ಸೇರಿಲ್ಲ. ಇಂಥ ಮಾತನ್ನು ಕೋಷ್ಟಕದ ಕೆಳಗೆ ನಕ್ಷತ್ರದ ಗುರುತಿನ ಪಕ್ಕದಲ್ಲಿ ಬರೆದಿರುತ್ತಾರೆ. ಅದನ್ನು ಓದದೆ ಶೇಕಡಾವಾರನ್ನು ಒಟ್ಟು ಜನಸಂಖ್ಯೆಗೆ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

'ನಿಮಗಿದು ತಿಳಿದಿರಲಿ' ಎನ್ನುವಂಥ ಪೆಟ್ಟಿಗೆಯನ್ನು ಪ್ಯಾರಾ ಮುಗಿದ ಮೇಲೆ ಓದಿ, ಮಧ್ಯದಲ್ಲಿ ನಿಲ್ಲಿಸಿ ಓದಿದರೆ ಎಳೆ ತಪ್ಪುತ್ತದೆ.

ಕಾಲರೇಖೆಯಲ್ಲಿ ಚುಕ್ಕಿಗಳ ನಡುವಿನ ಅಂತರವನ್ನು ಅನುಮಾನದಿಂದ ನೋಡಿ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು, 1950ರಲ್ಲಿ 'ಸಿ' ದರ್ಜೆಯ ರಾಜ್ಯ, 1956ರಲ್ಲಿ ವಿಲೀನ. ಮೂರು ಚುಕ್ಕಿಯೂ ಸಮದೂರದಲ್ಲಿದ್ದರೆ 116 ವರ್ಷವೂ 6 ವರ್ಷವೂ ಒಂದೇ ಎಂಬ ಭಾವನೆ ಬರುತ್ತದೆ. ಇಸವಿಗಳನ್ನು ಕಳೆದು ನೋಡುವುದೇ ದಾರಿ.

ಈಗ ಪಾಠ ಓದಿ

ಇಷ್ಟಾದ ಮೇಲೆ ಸಾಲುಗಳಿಗೆ ಬನ್ನಿ. 'ಚಿತ್ರ 3 ನೋಡಿ', 'ಕೋಷ್ಟಕ 2ರಲ್ಲಿರುವಂತೆ' ಎಂದು ಬಂದ ಕಡೆ ನಿಲ್ಲಿಸಿ, ನಿಜವಾಗಿಯೂ ಅಲ್ಲಿಗೆ ಹೋಗಿ ನೋಡಿ, ಮತ್ತೆ ಅದೇ ಸಾಲಿಗೆ ಬನ್ನಿ. ಬೇಸರದ ಕೆಲಸ ಎನಿಸಬಹುದು. ಆದರೆ ಔಷಧಿ ಸಿಂಪಡಣೆಯ ಕೈಪಿಡಿಯಲ್ಲಿ ಹೀಗೆ ಮಾಡದಿದ್ದರೆ ನಷ್ಟ ನಮ್ಮದೇ. ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂದು ಕೋಷ್ಟಕದಲ್ಲಿ ಇರುತ್ತದೆ. ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬುದು ಅಂಕಿ ಹಾಕಿದ ಚಿತ್ರಗಳಲ್ಲಿರುತ್ತದೆ. ಕಬ್ಬಿಣದ ಪಾತ್ರೆ ಬಳಸಬೇಡಿ ಎಂಬುದು ಪೆಟ್ಟಿಗೆಯಲ್ಲಿರುತ್ತದೆ. ಮೂರನ್ನೂ ಸೇರಿಸಿ ಓದಿದರೇ ಕೆಲಸ ಪೂರ್ತಿ.

ಪದಸೂಚಿ ಬಳಸುವುದು

ಪುಸ್ತಕದ ಕೊನೆಯ ಪದಸೂಚಿ ಪರಿವಿಡಿಗಿಂತ ಸೂಕ್ಷ್ಮ. ಒಂದೇ ವಿಷಯ ಯಾವ ಯಾವ ಪುಟದಲ್ಲಿ ಬಂದಿದೆ ಎಂದು ಹೇಳುತ್ತದೆ. ಪುಟಸಂಖ್ಯೆಗಳಲ್ಲಿ 45-52 ಎಂಬಂತೆ ಅಡ್ಡಗೆರೆ ಇರುವುದನ್ನು ಮೊದಲು ತೆರೆಯಿರಿ. ಅಲ್ಲಿ ವಿಷಯ ವಿಸ್ತಾರವಾಗಿ ಇರುತ್ತದೆ. ಬಿಡಿ ಸಂಖ್ಯೆ ಇದ್ದರೆ ಬರೀ ಹೆಸರು ಬಂದಿರಬಹುದು.

ವರ್ಣಮಾಲೆಯ ಪಟದಲ್ಲಿ ಕೊನೆಗೆ ಬರುವ ಕ್ಷ, ಜ್ಞ ಅಕ್ಷರಗಳನ್ನು ಮಕ್ಕಳು ಪದಸೂಚಿಯಲ್ಲೂ ಕೊನೆಗೇ ಹುಡುಕುತ್ತಾರೆ. ಸಾಮಾನ್ಯವಾಗಿ ಕ್ಷ ಇರುವುದು ಕ ವಿಭಾಗದಲ್ಲಿ, ಜ್ಞ ಇರುವುದು ಜ ವಿಭಾಗದಲ್ಲಿ. ಕೊಡವ ಹೆಸರುಗಳಿಗೆ ಎರಡು ಮೂರು ಕಡೆ ನೋಡಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರನ್ನು ಒಂದು ಪುಸ್ತಕ 'ಕಾರ್ಯಪ್ಪ' ಎಂದೂ, ಇನ್ನೊಂದು ಮನೆಹೆಸರು ಹಿಡಿದು 'ಕೊಡಂದೇರ' ಎಂದೂ, ಮತ್ತೊಂದು 'ಕೆ.ಎಂ.' ಎಂದೂ ಪಟ್ಟಿ ಮಾಡಿರಬಹುದು. ಹಳೆಯ ಪುಸ್ತಕವಾದರೆ ಊರ ಹೆಸರಿಗೂ ಇದೇ ಕಷ್ಟ. ಮಡಿಕೇರಿ 'ಮರ್ಕಾರಾ' ಆಗಿರುತ್ತದೆ, ಕುಶಾಲನಗರ 'ಫ್ರೇಸರ್‌ಪೇಟೆ' ಆಗಿರುತ್ತದೆ. ಒಂದು ಕಡೆ ಸಿಗಲಿಲ್ಲ ಎಂದು ಪುಸ್ತಕ ಮುಚ್ಚಬೇಡಿ.

ಫೋನಿನಲ್ಲಿ ಪಿಡಿಎಫ್ ಓದುವಾಗ

ಹುಡುಕುವ ಜಾಗದಲ್ಲಿ 'ಕಾವೇರಿ' ಎಂದು ಟೈಪ್ ಮಾಡಿದರೆ ಏನೂ ಸಿಗದೇ ಹೋಗಬಹುದು. ಪುಸ್ತಕದಲ್ಲಿ ಕಾವೇರಿ ಇಲ್ಲ ಎಂದಲ್ಲ. ಅನೇಕ ಕನ್ನಡ ಪಿಡಿಎಫ್‌ಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿವೆ, ಇಲ್ಲವೇ ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಅಂಥ ಕಡತದಲ್ಲಿ ಹುಡುಕಾಟ ನಡೆಯುವುದಿಲ್ಲ. ಆಗ ಪರಿವಿಡಿ, ಪದಸೂಚಿಯೇ ಗತಿ. ಅಲ್ಲಿ ಹೇಳಿದ ಪುಟ 60 ಆದರೆ, ಫೋನ್ ತೋರಿಸುವ 60ನೇ ಪುಟ ಅದೇ ಆಗಿರಬೇಕಿಲ್ಲ. ಮುನ್ನುಡಿ, ಅರಿಕೆಯ ಪುಟಗಳು ಮೊದಲು ಸೇರಿಕೊಂಡಿರುತ್ತವೆ. ಯಾವುದಾದರೂ ಒಂದು ಪುಟದಲ್ಲಿ ಅಚ್ಚಾದ ಸಂಖ್ಯೆಗೂ ಫೋನಿನ ಸಂಖ್ಯೆಗೂ ಎಷ್ಟು ವ್ಯತ್ಯಾಸ ಇದೆ ಎಂದು ನೋಡಿಕೊಳ್ಳಿ. ಮುಂದೆ ಪ್ರತಿ ಸಲವೂ ಅಷ್ಟನ್ನು ಕೂಡಿಸಿದರೆ ನೇರವಾಗಿ ಬೇಕಾದ ಪುಟಕ್ಕೇ ಹೋಗಬಹುದು. ಕೋಷ್ಟಕ, ನಕ್ಷೆ ಬಂದಾಗ ಫೋನನ್ನು ಅಡ್ಡ ಹಿಡಿದು, ದೊಡ್ಡದು ಮಾಡಿ, ಮೊದಲು ಸೂಚಿಯನ್ನೂ ಮಾಪನವನ್ನೂ ಓದಿಕೊಂಡು ಆಮೇಲೆ ಅಂಕಿಗೆ ಬನ್ನಿ.